ಧಣಿಯ ಕಾಗದಗಳಲ್ಲಿ ಸಿಕ್ಕ ‘ಯಾರೋ’ ಒಬ್ಬ

ಜಾಗದಲ್ಲಿ ಭಾಗವೋ ತಕರಾರೋ ಬಂದಾಗಲೇ ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಪೆಟ್ಟಿಗೆ ಅಟ್ಟದಿಂದ ಇಳಿಯುವುದು. ಮಡಿಕೆಯಲ್ಲಿ ಹರಿದ ಕ್ರಯಪತ್ರ, ಗೇಣಿಚೀಟು, ವೀಲುನಾಮೆ, ಡಿಕ್ಲರೇಶನ್ ಆದಾಗಿನ ಆದೇಶ. ಅದರಲ್ಲಿ ನಾವು ಹುಡುಕುವುದು ಎಕರೆ, ಸೆಂಟ್ಸು, ಸರ್ವೆ ನಂಬರು ಮಾತ್ರ. ಬೇಕಾದದ್ದು ಸಿಕ್ಕಿತೋ, ಪೆಟ್ಟಿಗೆ ಪುನಃ ಅಟ್ಟಕ್ಕೆ. ಅದೇ ಕಾಗದಗಳನ್ನು ಸ್ವಲ್ಪ ತಾಳ್ಮೆಯಿಂದ ಓದಿದರೆ ಮಣ್ಣಿನ ಜೊತೆ ಮನುಷ್ಯರೂ ಸಿಗುತ್ತಾರೆ. ಅಮೆರಿಕದಲ್ಲಿ ಹಾಗೆ ಸಿಕ್ಕಿದ ಒಬ್ಬ ಮುಸಲ್ಮಾನನ ಕಥೆ ಇದು. ಅವನ ಹೆಸರು ಯಾರೋ ಮಾಮೂತ್.

ಹೆಸರು ಕೇಳಿ ನಗು ಬರಬಹುದು. ಆದರೆ ಅವನ ಧಣಿಗಳ ದಾಖಲೆಗಳಲ್ಲಿ ಅವನು ನಿಜಕ್ಕೂ ‘ಯಾರೋ’ ಒಬ್ಬನೇ ಆಗಿದ್ದ.

ತಂಬಾಕಿನ ಧಣಿಗಳು

1752ರಲ್ಲಿ ‘ಎಲೈಜಾ’ ಎಂಬ ಹಡಗು ಮೇರಿಲ್ಯಾಂಡಿನ ಅನಾಪೊಲಿಸ್ ಬಂದರಿಗೆ ಬಂತು. ಆಗ ಮೇರಿಲ್ಯಾಂಡ್ ಬ್ರಿಟಿಷರ ವಸಾಹತು, ತಂಬಾಕಿನ ನಾಡು. ಹಡಗಿನಲ್ಲಿ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನರಿದ್ದರು. ಅವರಲ್ಲಿ ಸುಮಾರು 16 ವರ್ಷದ ಫುಲಾನಿ ಹುಡುಗನೊಬ್ಬನನ್ನು ಸ್ಯಾಮ್ಯುಯೆಲ್ ಬೆಲ್ ಎಂಬ ಪ್ಲಾಂಟರ್ ಕೊಂಡುಕೊಂಡ. ಸ್ಯಾಮ್ಯುಯೆಲ್ ಸಾಮಾನ್ಯನಲ್ಲ. 1765ರಲ್ಲಿ ಬ್ರಿಟಿಷರ ಸ್ಟ್ಯಾಂಪ್ ಕಾಯ್ದೆಯನ್ನು ಧಿಕ್ಕರಿಸಿದ ಫ್ರೆಡರಿಕ್ ಕೌಂಟಿಯ 12 ನ್ಯಾಯಾಧೀಶರಲ್ಲಿ ಅವನೂ ಒಬ್ಬ. ತೆರಿಗೆಯ ವಿಷಯಕ್ಕೆ ಸ್ವಾತಂತ್ರ್ಯದ ಮಾತಾಡಿದವನ ಮನೆಯಲ್ಲಿ ಗುಲಾಮರಿದ್ದರು.

ಈ ಮನೆತನದ ಹೆಸರನ್ನು ಬರೆಯುವುದು ಒಂದು ರೀತಿ, ಹೇಳುವುದು ಇನ್ನೊಂದು ರೀತಿ. ಬರವಣಿಗೆಯಲ್ಲಿ ‘ಬೀಲ್’ ಎಂದು ಕಾಣುವುದು ಬಾಯಿಯಲ್ಲಿ ‘ಬೆಲ್’. ಹಳೆ ಕಾಗದ ಹುಡುಕುವವರು ಎರಡನ್ನೂ ನೋಡಬೇಕು. ‘ಮಾಮೂತ್’ ಕೂಡ ಹಾಗೆಯೇ. ಮಹ್ಮೂದ್ ಅಥವಾ ಮುಹಮ್ಮದ್ ಎಂಬ ಹೆಸರು ಬಿಳಿಯ ಗುಮಾಸ್ತರ ಕಿವಿಗೆ ಬಿದ್ದದ್ದು ಹೀಗೆ. ನಮ್ಮಲ್ಲಿ ಮುಹಮ್ಮದ್ ಮಮ್ಮದೆಯಾಗಿ, ಅಬ್ದುರ್ರಹ್ಮಾನ್ ಅದ್ರಾಮನಾಗಿ ಹಳೆ ದಾಖಲೆಗಳಲ್ಲಿ ಕೂತಿಲ್ಲವೇ?

ಸ್ಯಾಮ್ಯುಯೆಲ್ ತೀರಿಕೊಂಡ ಮೇಲೆ ಯಾರೋ ಅವನ ಮಗ ಬ್ರೂಕ್ ಬೆಲ್‌ನ ಪಾಲಿಗೆ ಬಂದ. ‘ಪಾಲಿಗೆ ಬಂದ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆ ಕಾಲದ ಮೇರಿಲ್ಯಾಂಡಿನಲ್ಲಿ ಜಮೀನ್ದಾರ ಸತ್ತರೆ ಮೌಲ್ಯ ಕಟ್ಟುವವರು ಮನೆಗೆ ಬಂದು ಮಂಚ, ಪಾತ್ರೆ, ಕುದುರೆ, ದನ, ತಂಬಾಕು ಎಲ್ಲಕ್ಕೂ ಬೆಲೆ ಹಾಕಿ ಪಟ್ಟಿ ಬರೆಯುತ್ತಿದ್ದರು. ಅದೇ ಪಟ್ಟಿಯಲ್ಲಿ ಗುಲಾಮರ ಹೆಸರು, ಪ್ರಾಯ, ಬೆಲೆ. ತಂದೆಯ ಹೆಸರಿಲ್ಲ, ಊರಿಲ್ಲ, ಹೆಚ್ಚಿನವರಿಗೆ ಮನೆತನದ ಹೆಸರೂ ಇಲ್ಲ. ಧಣಿಯ ವಂಶಾವಳಿ ತಿಳಿಯಲು ಅವನ ವೀಲುನಾಮೆ ಸಾಕು. ಗುಲಾಮನ ವಂಶಾವಳಿ ಬೇಕಾದವರು ಕೂಡ ಧಣಿಯ ವೀಲುನಾಮೆಯ ಬಾಗಿಲನ್ನೇ ತಟ್ಟಬೇಕು, ಬೇರೆ ದಾರಿ ಇಲ್ಲ.

ಬ್ರೂಕ್ ಬೆಲ್ ಜಾರ್ಜ್‌ಟೌನಿನ ದೊಡ್ಡ ತಂಬಾಕು ವ್ಯಾಪಾರಿ. ಜೊತೆಗೆ ಮಾಂಟ್ಗಮರಿ ಕೌಂಟಿ ಕೋರ್ಟಿನ ಕ್ಲರ್ಕ್. ಅವನ ನಂತರ ಮಗ ಅಪ್ಟನ್‌ಗೂ ಅದೇ ಹುದ್ದೆ. ಅಂದರೆ ಊರಿನವರ ಜಾಗದ ಪತ್ರಗಳು ದಾಖಲಾಗುತ್ತಿದ್ದದ್ದು ಈ ಮನೆತನದ ಕೈಯಲ್ಲೇ. ರಾಕ್‌ವಿಲ್ ಪೇಟೆಯಲ್ಲಿ ಅಪ್ಟನ್ ಕಟ್ಟಿಸಿದ ಇಟ್ಟಿಗೆ ಮನೆ ಇವತ್ತು ಮ್ಯೂಸಿಯಂ.

ಬಾಯಿಮಾತು, ಬರಹದ ಮಾತು

ಯಾರೋನಿಗೆ ವಯಸ್ಸಾಗುತ್ತಾ ಬಂದಾಗ ಬ್ರೂಕ್ ಒಂದು ಮಾತು ಕೊಟ್ಟ: ಜಾರ್ಜ್‌ಟೌನಿನಲ್ಲಿ ತಾನು ಕಟ್ಟಲಿರುವ ಮನೆಗೆ ಬೇಕಾದ ಇಟ್ಟಿಗೆ ಮಾಡಿಕೊಟ್ಟರೆ ಬಿಡುಗಡೆ. ಯಾರೋ ಇಟ್ಟಿಗೆ ಮಾಡಿ ಮುಗಿಸಿದ. ಅಷ್ಟರಲ್ಲಿ 1795ರಲ್ಲಿ ಬ್ರೂಕ್ ತೀರಿಕೊಂಡ.

ಇಲ್ಲಿ ಸ್ವಲ್ಪ ನಿಲ್ಲೋಣ. ಮಾತು ಕೊಟ್ಟವನು ಮಣ್ಣಾದ. ಮಾತು ಬರೀ ಬಾಯಿಮಾತು. ಗುಲಾಮನ ಸಾಕ್ಷಿಗೆ ಬೆಲೆಯೇ ಇಲ್ಲದ ಕಾಲ ಅದು. ಕಾನೂನಿನ ಕಣ್ಣಿನಲ್ಲಿ ಅವನು ಇನ್ನೊಬ್ಬ ವಾರಸುದಾರನ ಪಾಲಿಗೆ ಹೋಗಬೇಕಾದ ಸೊತ್ತು. ಅವನನ್ನು ಉಳಿಸಿದ್ದು ಬ್ರೂಕ್‌ನ ವಿಧವೆ ಮಾರ್ಗರೆಟ್. ಗಂಡನ ಮನಸ್ಸು ಆಕೆಗೆ ಗೊತ್ತಿತ್ತು. ನೀನು ನಿನ್ನ ಕೆಲಸ ಮುಗಿಸಿದ್ದಿ ಎಂದು ಬಿಡುಗಡೆಯ ಕಾಗದ ಮಾಡಿಸಿಕೊಟ್ಟಳು. ಅದು 1796. ಯಾರೋನಿಗೆ ಹತ್ತಿರ ಹತ್ತಿರ 60 ವರ್ಷ. 44 ವರ್ಷದ ದುಡಿಮೆ ಹಿಂದೆ ಬಿದ್ದಿತ್ತು.

ಆ ಮೇಲೆ ಅವನು ಮಾಡಿದ್ದನ್ನು ನೋಡಿ. ಕೂಲಿ ಮಾಡಿ 100 ಡಾಲರ್ ಕೂಡಿಸಿ ಒಬ್ಬ ವ್ಯಾಪಾರಿಯ ಹತ್ತಿರ ಇಟ್ಟ. ವ್ಯಾಪಾರಿ ಸತ್ತ, ದುಡ್ಡೂ ಹೋಯಿತು. ಮತ್ತೆ ದುಡಿದು 100 ಡಾಲರ್ ಕೂಡಿಸಿ ಇನ್ನೊಬ್ಬನಿಗೆ ಕೊಟ್ಟ. ಅವನು ದಿವಾಳಿಯಾದ. ಮೂರನೇ ಸಲ 200 ಡಾಲರ್ ಆದಾಗ ಯಾರನ್ನೂ ನಂಬದೆ ಜಾರ್ಜ್‌ಟೌನಿನ ಕೊಲಂಬಿಯಾ ಬ್ಯಾಂಕಿನ ಪಾಲು ಕೊಂಡ. 1800ರಲ್ಲಿ ಜಾಗ ಕೊಂಡು ಕ್ರಯಪತ್ರ ಮಾಡಿಸಿದ. ಬೇರೊಬ್ಬ ಒಡತಿಯ ಗುಲಾಮನಾಗಿ ಹುಟ್ಟಿದ್ದ ಮಗ ಅಕ್ವಿಲಾನನ್ನು ದುಡ್ಡು ಕೊಟ್ಟು ಬಿಡಿಸಿಕೊಂಡ. ಆಮೇಲೆ ಆ ಜಾಗವನ್ನೂ ಮಗನ ಹೆಸರಿಗೆ ಬರೆದಿಟ್ಟ. ಧಣಿಗಳು ತಮ್ಮ ಸೊತ್ತು ಕಾಯಲು ಬಳಸುತ್ತಿದ್ದ ಅದೇ ಕಾಗದದ ಬಲವನ್ನು ಅವನು ತನ್ನ ಕುಟುಂಬಕ್ಕೆ ಬಳಸಿದ.

ದೀನ್ ಬಿಡಲಿಲ್ಲ. ಹಂದಿ ಮಾಂಸ ಮುಟ್ಟುತ್ತಿರಲಿಲ್ಲ, ಮದ್ಯ ಕೆಟ್ಟದ್ದು ಎನ್ನುತ್ತಿದ್ದ. ಬೀದಿಯಲ್ಲಿ ನಡೆಯುವಾಗ ಅಲ್ಲಾಹನ ಸ್ತುತಿ ಹಾಡುತ್ತಾ ಹೋಗುತ್ತಿದ್ದ. 1819ರಲ್ಲಿ ಹೆಸರಾಂತ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಅವನ ಚಿತ್ರ ಬರೆದ. ಯಾರೋನಿಗೆ 140 ವರ್ಷ ಎಂದು ಊರಿನಲ್ಲಿ ಸುದ್ದಿ ಇತ್ತು. ಪೀಲ್ ಸುದ್ದಿಯನ್ನು ನಂಬಿ ಸುಮ್ಮನಾಗಲಿಲ್ಲ. ವಿಧವೆ ಮಾರ್ಗರೆಟ್‌ಳನ್ನು ಕಂಡು ವಿಚಾರಿಸಿದ. ಇಟ್ಟಿಗೆಯ ಕಥೆ ನಮಗೆ ಸಿಕ್ಕಿದ್ದು ಅವನು ದಿನಚರಿಯಲ್ಲಿ ಬರೆದಿಟ್ಟದ್ದರಿಂದ. ಹಡಗಿನ ಲೆಕ್ಕ ಹಿಡಿದರೆ ಆಗ ಯಾರೋನಿಗೆ ಸುಮಾರು 83.

1823ರಲ್ಲಿ ಅವನು ತೀರಿಕೊಂಡ. ತಾನು ನಮಾಝ್ ಮಾಡುತ್ತಿದ್ದ ತೋಟದ ಮೂಲೆಯಲ್ಲೇ ದಫನ ಮಾಡಿದರೆಂದು ಆಗಿನ ಮರಣವಾರ್ತೆ ಹೇಳುತ್ತದೆ. 2015ರಲ್ಲಿ ಆ ಜಾಗದಲ್ಲಿ ಪುರಾತತ್ವದವರು ಉತ್ಖನನ ಮಾಡಿದರು. ಖಬರ್ ಸಿಗಲಿಲ್ಲ.

ಸೋದರ ಸೊಸೆಯ ದಾವೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. 1821ರಲ್ಲಿ ಯಾರೋ ಒಬ್ಬ ವ್ಯಾಪಾರಿಗೆ ಗೋದಾಮಿನ ಅಡಮಾನದ ಮೇಲೆ ಸಾಲ ಕೊಟ್ಟಿದ್ದ. ಹಿಂದೆ ಎರಡು ಸಲ ಬಾಯಿಮಾತಿಗೆ ದುಡ್ಡು ಕಳೆದುಕೊಂಡವನು ಈ ಸಲ ಬರೆಸಿಕೊಂಡಿದ್ದ. 1843ರಲ್ಲಿ, ಅವನು ಸತ್ತು 20 ವರ್ಷದ ಮೇಲೆ, ಅವನ ತಂಗಿಯ ಮಗಳು ನ್ಯಾನ್ಸಿ ಹಿಲ್ಮನ್ ಆ ಸಾಲಕ್ಕಾಗಿ ಕೋರ್ಟಿನಲ್ಲಿ ದಾವೆ ಹೂಡಿ ಗೆದ್ದಳು. ಯಾರೋನಿಗೆ ತಂಗಿಯೊಬ್ಬಳಿದ್ದಳು ಎಂಬುದು ಆ ದಾವೆಯ ಕಾಗದದಿಂದ ಗೊತ್ತಾಗುತ್ತದೆ. ಸಾಲ ಕೊಟ್ಟರೆ ಬರೆದಿಡಿ ಎಂದು ಕುರ್‌ಆನಿನ ಅತಿ ಉದ್ದದ ಆಯತ್ತು ಹೇಳುವುದು ಸುಮ್ಮನೆ ಅಲ್ಲ.

ಮಗ ಅಕ್ವಿಲಾ ಮೇರಿಲ್ಯಾಂಡಿನ ಪ್ಲೆಸೆಂಟ್ ವ್ಯಾಲಿಯಲ್ಲಿ ಜಮೀನು ಕೊಂಡು ನೆಲೆಸಿದ. ಅವನ ಹೆಂಡತಿ ಪಾಲಿ ಊರಿಗೆಲ್ಲ ಹೆರಿಗೆ ಮಾಡಿಸುವ ಸೂಲಗಿತ್ತಿ. ಅವಳಿಂದಾಗಿ ಅಲ್ಲಿನ ಒಂದು ಹಳ್ಳಿಗೆ ಯಾರೋಸ್‌ಬರ್ಗ್ ಎಂದೇ ಹೆಸರು. ಪಾಲಿಯ ತವರು ಟರ್ನರ್ ಮನೆತನ. ಆ ಕುಟುಂಬದ ರಾಬರ್ಟ್ ಟರ್ನರ್ ಫೋರ್ಡ್ 1927ರಲ್ಲಿ ಹಾರ್ವರ್ಡ್ ಪದವಿ ಪಡೆದ.

ಇದನ್ನೆಲ್ಲ ಜೋಡಿಸಿದ್ದು ವಾಷಿಂಗ್ಟನ್ನಿನ ವಕೀಲ ಜೇಮ್ಸ್ ಜಾನ್‌ಸ್ಟನ್. ಜಾರ್ಜ್‌ಟೌನಿನ ಗ್ರಂಥಾಲಯದಲ್ಲಿ ಯಾರೋನ ಇನ್ನೊಂದು ಚಿತ್ರ ನೋಡಿ ಈ ಮುದುಕ ಯಾರು ಎಂದು ಹೊರಟವರು. ಬೆಲ್ ಮನೆತನದ ವೀಲುನಾಮೆ, ಕ್ರಯಪತ್ರ, ಲೆಕ್ಕದ ಪುಸ್ತಕ, ದಾವೆಯ ಕಡತ ಒಂದೊಂದಾಗಿ ಬಿಡಿಸುತ್ತಾ ಹೋಗಿ 2012ರಲ್ಲಿ ಪುಸ್ತಕ ಮಾಡಿದರು.

ಗಮನಿಸಿ, ಈ ಕಥೆಯ ಗಂಟು ಬಿಚ್ಚಿದ್ದು ಹೆಂಗಸರು. ಮಾತು ಉಳಿಸಿದ ವಿಧವೆ, ದಾವೆ ಹೂಡಿದ ಸೋದರ ಸೊಸೆ, ಊರಿಗೆ ಹೆಸರು ಕೊಟ್ಟ ಸೂಲಗಿತ್ತಿ. ನಮ್ಮ ಪೆಟ್ಟಿಗೆಯ ಕಾಗದಗಳಲ್ಲೂ ಯಾರದೋ ಹೆಬ್ಬೆಟ್ಟು, ಯಾರದೋ ಸಾಕ್ಷಿ ಸಹಿ, ‘ಇಂಥವರ ಹೆಂಡತಿ’ ಎಂದಷ್ಟೇ ಬರೆದ ಉಮ್ಮಂದಿರು ಇದ್ದಾರೆ. ಅವರು ಯಾರೆಂದು ಹೇಳಬಲ್ಲ ಹಿರಿಯರು ಇನ್ನೂ ಜಗಲಿಯಲ್ಲಿ ಕೂತಿದ್ದರೆ, ಮುಂದಿನ ಸಲ ಪೆಟ್ಟಿಗೆ ಇಳಿಸಿದಾಗ ಅವರ ಪಕ್ಕದಲ್ಲಿ ಕೂತು ಕೇಳಿ. ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಆ ಕಾಗದದ ಜೊತೆಗೇ ಇಡಿ.