ಮುಲಾಮಿಗೆ ಬಗ್ಗದ ಮಳೆಗಾಲದ ಹುಣ್ಣು: ನಾಯಿ ಸಾಕಿದವರೇ ಎಚ್ಚರ!

ಸಾರಕ್ಕಿ: ಮೈಯಲ್ಲಿ ಹುಣ್ಣಾದ ನಾಯಿ ಕಂಡರೆ ನಮ್ಮ ಜನಕ್ಕೆ ಎಲ್ಲವೂ ಒಂದೇ, ಕಜ್ಜಿ. ಪುಣ್ಯಾತ್ಮರು ಬೇವಿನೆಣ್ಣೆ ಸವರುತ್ತಾರೆ. ಕೆಲವರು ಗ್ಯಾರೇಜಿನಿಂದ ವೇಸ್ಟ್ ಆಯಿಲ್ ತಂದು ಸುರಿಯುವುದೂ ಉಂಟು. (ನಾಯಿ ಅದನ್ನು ನೆಕ್ಕಿದರೆ ಹೊಟ್ಟೆಗೆ ವಿಷ. ದಯಮಾಡಿ ಬೇಡಿ.) ಮನೆ ನಾಯಿಯಾದರೆ ಮೆಡಿಕಲ್ ಸ್ಟೋರಿನ ಹುಳುಕಡ್ಡಿ ಮುಲಾಮು. ನಿಜವಾಗಿ ಕಜ್ಜಿಯೋ ಹುಳುಕಡ್ಡಿಯೋ ಆಗಿದ್ದರೆ ಸರಿಯಾದ ಮದ್ದಿಗೆ ವಾಸಿಯಾಗುತ್ತೆ. ವಾಸಿಯಾಗದ ಹುಣ್ಣೊಂದಿದೆ. ಬಲು ಅಪರೂಪ. ಆದರೆ ಬಂತೆಂದರೆ ನಾಯಿಯ ಕಾಲನ್ನೋ ಪ್ರಾಣವನ್ನೋ ಕೇಳುತ್ತದೆ.

ಹೆಸರು ಪಿಥಿಯೋಸಿಸ್. ತರುವ ಜೀವಿ ಪಿಥಿಯಮ್ ಇನ್ಸಿಡಿಯೋಸಮ್. ನೋಡಲು ಥೇಟ್ ಬೂಷ್ಟು, ಎಳೆ ಎಳೆಯಾಗಿ ಬೆಳೆಯುತ್ತದೆ. ಆದರೆ ಬೂಷ್ಟಿನ ಜಾತಿಯಲ್ಲ, ಪಾಚಿಗಳ ಕಡೆಯ ನೆಂಟ. ಇದರ ದಾಯಾದಿಗಳನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗ ಇದೇ ಮನೆತನದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ಬರೆದಿದ್ದರು. ಶುಂಠಿ ಕೊಳೆಸುವುದೂ ಒಂದು ಪಿಥಿಯಮ್ಮೇ. ಶುಂಠಿಯದು ನಾಯಿಗೆ ಬರೋಲ್ಲ, ಸಾರಕ್ಕಿ ಮಾರ್ಕೆಟ್ಟಿನ ವ್ಯಾಪಾರಿಗಳು ಗಾಬರಿಯಾಗಬೇಕಿಲ್ಲ.

ಮುಲಾಮು ಯಾಕೆ ನಾಟೋಲ್ಲ? ಬೂಷ್ಟಿನ ಮದ್ದುಗಳಲ್ಲಿ ಹೆಚ್ಚಿನವು ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಏಟು ಹಾಕುತ್ತವೆ. ಬೂಷ್ಟಿನ ಮೈಪೊರೆಯಲ್ಲಿ ಅದಿರುತ್ತೆ. ಪಿಥಿಯಮ್ಮಿನಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ಬೀಗವೇ ಇಲ್ಲದ ಬಾಗಿಲಿಗೆ ಕೀಲಿ ತಿರುಗಿಸಿದ ಹಾಗೆ!

ರೋಗ ಹಳೆಯದೇ. 1884ರಲ್ಲಿ ಬ್ರಿಟಿಷರ ಕುದುರೆ ವೈದ್ಯ ಸ್ಮಿತ್ ಎಂಬಾತ ನಮ್ಮ ದೇಶದ ಕುದುರೆಗಳಲ್ಲಿ ಇಂಥ ಹುಣ್ಣಿನ ಬಗ್ಗೆ ಬರೆದ. ಆಗ ಅದನ್ನು 'ಬುರ್ಸಾತಿ' ಅನ್ನುತ್ತಿದ್ದರು. ಬರ್ಸಾತ್ ಅಂದರೆ ಹಿಂದಿಯಲ್ಲಿ ಮಳೆ. ಜೀವಿಗೆ ಈಗಿನ ಹೆಸರು ಬಿದ್ದದ್ದು 1987ರಲ್ಲಿ, ನೂರು ವರ್ಷ ಕಳೆದ ಮೇಲೆ. ಈಗ ಹೆಚ್ಚಾಗಿ ಕಾಣುವುದು ಥಾಯ್ಲೆಂಡ್, ಬ್ರೆಜಿಲ್, ಅಮೆರಿಕದ ದಕ್ಷಿಣ ಕರಾವಳಿಯಲ್ಲಿ.

ಇದರ ವಾಸ ನಿಂತ ನೀರು, ಜೌಗು. ಕಣ್ಣಿಗೆ ಕಾಣದ ಬಾಲವಿರುವ ಬೀಜಾಣುಗಳು ಈಜಿಕೊಂಡು ಬಂದು ಗಾಯಕ್ಕೆ ಅಂಟುತ್ತವೆ. ನಮ್ಮ ಸಾರಕ್ಕಿ ಕೆರೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. 2015ರಲ್ಲಿ ಒತ್ತುವರಿ ಒಡೆದು ಉಳಿಸಿಕೊಂಡ ಕೆರೆ ಅದು. ಗಾಯವಾದ ನಾಯಿಯನ್ನು ಕೊಳೆ ನೀರಿಗೆ ಇಳಿಸಬೇಡಿ, ಅಷ್ಟೇ. ರಾಜಕಾಲುವೆಗೆ ಅಂತೂ ಖಂಡಿತ ಬೇಡ.

ಕಾಲಲ್ಲೋ ಬಾಲದ ಬುಡದಲ್ಲೋ ಗಂಟು ಏಳುತ್ತದೆ. ಒಡೆದು ತೂತು ತೂತಾಗಿ ರಸ ಸೋರುತ್ತದೆ. ಬೇಗ ಬೇಗ ಹರಡುತ್ತದೆ. ಕೆಲವಕ್ಕೆ ಕರುಳಿಗೇ ಹಿಡಿದು, ವಾಂತಿಯಾಗಿ ನಾಯಿ ಬಡಕಲಾಗುತ್ತದೆ. ಎರಡು ವಾರ ಮುಲಾಮು ಹಚ್ಚಿಯೂ ಹುಣ್ಣು ದೊಡ್ಡದಾಗುತ್ತಿದ್ದರೆ ಮೂರನೇ ಮುಲಾಮು ಕೊಳ್ಳಬೇಡಿ. "ಬಯಾಪ್ಸಿ ಮಾಡ್ತೀರಾ ಡಾಕ್ಟ್ರೇ?" ಅಂತ ಕೇಳಿ. ಒಂದು ಚೂರು ಮಾಂಸ ತೆಗೆದು, ಬೆಳ್ಳಿಯ ಬಣ್ಣ ಹಾಕಿ ನೋಡಿದರೆ ಎಳೆಗಳು ಕಾಣುತ್ತವೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ. ಸಾರಕ್ಕಿಯಿಂದ ಅದು ಊರಿನ ಆ ತುದಿ, ಹುಣ್ಣಿನ ನಾಯಿ ಕಂಡರೆ ಆಟೋದವರು ಬರೋಲ್ಲ ಅಂತಾರೆ, ಎಲ್ಲಾ ನಿಜ. ಆದರೆ ತಡವಾದಷ್ಟೂ ಕತ್ತರಿಸುವ ಭಾಗ ದೊಡ್ಡದಾಗುತ್ತದೆ. ಯಾಕೆಂದರೆ ಇದಕ್ಕೆ ಮುಖ್ಯ ಚಿಕಿತ್ಸೆ ಆಪರೇಷನ್ನೇ. ಸುತ್ತಲಿನ ಒಳ್ಳೆ ಚರ್ಮವನ್ನೂ ಸೇರಿಸಿ ತೆಗೆಯಬೇಕು, ಕೆಲವೊಮ್ಮೆ ಇಡೀ ಕಾಲನ್ನೇ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಅಷ್ಟಾದರೂ ಗ್ಯಾರಂಟಿ ಇಲ್ಲ.

ಬೀದಿಯಲ್ಲಿ ಇಂಥ ನಾಯಿ ಕಂಡರೆ ಕಲ್ಲು ಹೊಡೆಯಬೇಡಿ. ಇದು ನಾಯಿಯಿಂದ ಮನುಷ್ಯರಿಗೆ ಅಂಟುವ ರೋಗವಲ್ಲ. ಮನುಷ್ಯರಿಗೆ ಬಂದರೂ ಬರುವುದು ನೀರಿನಿಂದಲೇ, ಅದೂ ಹೆಚ್ಚಾಗಿ ಕಣ್ಣಿಗೆ. ನಾಯಿಯಿಂದ ನಮಗೆ ಅಂಟುವುದು ಕಜ್ಜಿ, ಹುಳುಕಡ್ಡಿ. ಅವಕ್ಕೆ ಮದ್ದು ನಿಮ್ಮ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತೆ.