ಹಿಡಿ ಬಿಡಿ, ಬಾಯಿ ನೋಡಿ: ಮನೆಗೂ ಕಾರಿಗೂ ಟೂಲ್ಸ್ ಆರಿಸುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಎರಡು ಬಗೆಯ ಗಿರಾಕಿಗಳು ಕಾಣುತ್ತಾರೆ. ಮನೆಗೆಂದು ಕೊಳ್ಳಲು ಬಂದವರು ಪೆಟ್ಟಿಗೆಯ ಮೇಲಿನ ಅಂಕಿ ಓದುತ್ತಾರೆ: 46 ಪೀಸ್, 108 ಪೀಸ್, 650 ವ್ಯಾಟ್. ಹಿಡಿಯ ರಬ್ಬರನ್ನು ಅದುಮಿ ನೋಡುತ್ತಾರೆ. ಟೂಲ್ಸ್ ನಂಬಿಕೊಂಡೇ ಬದುಕುವ ಮೆಕ್ಯಾನಿಕ್ಕೋ ಎಲೆಕ್ಟ್ರಿಷಿಯನ್ನೋ ಬಂದರೆ ಹಿಡಿಯ ಕಡೆ ಕಣ್ಣು ಹೋಗುವುದು ಕೊನೆಗೆ. ಕಟಿಂಗ್ ಪ್ಲೇಯರನ್ನು ಬೆಳಕಿಗೆ ಎತ್ತಿ ಬಾಯಿ ಮುಚ್ಚುತ್ತಾರೆ. ಕತ್ತರಿಸುವ ಎರಡು ಅಲಗುಗಳ ನಡುವೆ ಬೆಳಕು ತೂರಿತೋ, ಮಾತಿಲ್ಲದೆ ಕೆಳಗಿಡುತ್ತಾರೆ. ಸ್ಪ್ಯಾನರಿನ ಬಾಯೊಳಗೆ ಹೆಬ್ಬೆರಳು ಆಡಿಸಿ ಎರಡೂ ದವಡೆ ನುಣುಪಾಗಿ, ಸಮಾನಾಂತರವಾಗಿ ಇವೆಯೇ ಎಂದು ತಡವುತ್ತಾರೆ.

ಅವರ ಲೆಕ್ಕ ಸರಿ. ಯಾವುದೇ ಉಪಕರಣ ಕೆಲಸ ಮಾಡುವುದು ಅದು ವಸ್ತುವನ್ನು ಮುಟ್ಟುವ ಒಂದಿಷ್ಟು ಜಾಗದಲ್ಲಿ ಮಾತ್ರ. ಆ ಜಾಗ ಸರಿಯಾಗಿ ಕೂತರೆ ಅರ್ಧ ಬಲ ಸಾಕು. ಕೂರದಿದ್ದರೆ ಎಷ್ಟು ಬಲ ಹಾಕಿದರೂ ಹಾಳಾಗುವುದು ನಟ್ಟು, ಸ್ಕ್ರೂ, ಗೋಡೆ, ಇಲ್ಲವೇ ಬೆರಳು. ಮನೆಯಲ್ಲಿ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರು, ಕಾರಿನ ಬಾನೆಟ್ ಎತ್ತಲು ಧೈರ್ಯ ಮಾಡುವವರು ಕಲಿಯಬೇಕಾದ ಮೊದಲ ಪಾಠ ಇದೇ. ಉಳಿದದ್ದೆಲ್ಲ ಇದರ ವಿಸ್ತರಣೆ.

ಸ್ಪ್ಯಾನರಿನಿಂದಲೇ ಶುರುಮಾಡೋಣ. ಅದರ ಮೇಲೆ 10 ಎಂದು ಬರೆದಿದ್ದರೆ ಅದು ಬೋಲ್ಟಿನ ದಪ್ಪವಲ್ಲ, ತಲೆಯ ಎದುರುಬದುರು ಮುಖಗಳ ನಡುವಿನ ಅಂತರ. 6 ಮಿ.ಮೀ. ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10ರ ಸ್ಪ್ಯಾನರ್ ಬೇಕು. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಮಾರುತಿ ಸುಜುಕಿ, ಹೋಂಡಾ, ಟೊಯೋಟಾದಂಥ ಜಪಾನೀ ಮೂಲದ ಗಾಡಿಗಳಲ್ಲಿ 8 ಮಿ.ಮೀ. ಬೋಲ್ಟಿಗೆ 12, 10 ಮಿ.ಮೀ. ಬೋಲ್ಟಿಗೆ 14 ಹೆಚ್ಚು ಬಳಕೆಯಲ್ಲಿದೆ. ಯುರೋಪಿನ ಗಾಡಿಗಳಲ್ಲಿ ಅವೇ ಬೋಲ್ಟುಗಳಿಗೆ 13 ಮತ್ತು 16. ಹಳೆಯ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮರಿ. ಅದರದ್ದೆಲ್ಲ ಅಂಗುಲದ ಲೆಕ್ಕ. ಹಾಗಾಗಿ ಹಳೇ ಗ್ಯಾರೇಜುಗಳ ಗೋಡೆಯಲ್ಲಿ ಅಂಗುಲದ್ದೂ ಮಿಲಿಮೀಟರಿನದ್ದೂ ಅಕ್ಕಪಕ್ಕ ನೇತಾಡುತ್ತವೆ. ನಿಮ್ಮ ಮನೆಗೆ 8, 10, 12, 13, 14, 17, 19 ಇಷ್ಟಿದ್ದರೆ ಹೆಚ್ಚಿನ ಕೆಲಸ ಸಾಗುತ್ತದೆ.

ಒಂದು ತುದಿ ತೆರೆದ ಬಾಯಿ, ಇನ್ನೊಂದು ತುದಿ ರಿಂಗ್ ಇರುವ ಕಾಂಬಿನೇಷನ್ ಸ್ಪ್ಯಾನರ್ ಕೊಳ್ಳಿ. ತೆರೆದ ಬಾಯಿ ಹಿಡಿಗೆ ನೇರವಾಗಿಲ್ಲದೆ 15 ಡಿಗ್ರಿ ಓರೆಯಾಗಿರುವುದನ್ನು ಗಮನಿಸಿದ್ದೀರಾ? ಆರು ಮುಖದ ನಟ್ಟು 60 ಡಿಗ್ರಿಗೊಮ್ಮೆ ಮೊದಲಿನಂತೆಯೇ ಕಾಣುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಸ್ಪ್ಯಾನರನ್ನು 30 ಡಿಗ್ರಿ ತಿರುಗಿಸಿ, ತೆಗೆದು, ಮಗುಚಿ ಹಾಕಿದರೆ ಆ ಓರೆಯ ದೆಸೆಯಿಂದ ಅದು ನಟ್ಟಿನ ಮುಂದಿನ ಮುಖಗಳ ಮೇಲೆ ಸರಿಯಾಗಿ ಕೂರುತ್ತದೆ. ಕೈ ಆಡಲು ಜಾಗವಿಲ್ಲದ ಕಡೆಯೂ ನಟ್ಟು ಮಗುಚಿ ಮಗುಚಿ ಹೊರಬರುವುದು ಹೀಗೆ. ಇಷ್ಟು ಸಣ್ಣ ಓರೆಯಲ್ಲಿ ಇಷ್ಟು ದೊಡ್ಡ ಜಾಣತನ ಅಡಗಿದೆ.

ಆದರೆ ಬಿಗಿದು ಕೂತ ನಟ್ಟನ್ನು ಮೊದಲು ಅಲುಗಿಸಲು ತೆರೆದ ಬಾಯಿ ಸಲ್ಲ. ಅದು ಹಿಡಿಯುವುದು ಎರಡೇ ಮುಖ. ಅಲ್ಲಿ ರಿಂಗ್ ಬೇಕು, ಇಲ್ಲವೇ ಸಾಕೆಟ್. ಸಾಕೆಟ್ಟಿನಲ್ಲೂ ಒಳಗೆ ಹನ್ನೆರಡು ಮೂಲೆಯದ್ದಕ್ಕಿಂತ ಆರು ಮೂಲೆಯದ್ದು ಒಳ್ಳೆಯದು. ಅದು ನಟ್ಟಿನ ಚಪ್ಪಟೆ ಮುಖವನ್ನು ಒತ್ತುತ್ತದೆ, ಮೂಲೆಗಳನ್ನು ಕೀಳುವುದಿಲ್ಲ. ಎಲ್ಲದಕ್ಕೂ ಆಗುತ್ತದೆಂದು ಎಲ್ಲರ ಮನೆಯಲ್ಲೂ ಇರುವ ಸ್ಕ್ರೂ ಸ್ಪ್ಯಾನರ್ ಈ ಸಾಲಿನಲ್ಲಿ ಕೊನೆಯದು. ನಲ್ಲಿಯ ನಟ್ಟಿಗೆ, ಗ್ಯಾಸ್ ಗೀಸರಿನ ನೀರಿನ ಪೈಪಿಗೆ ಅದು ಸರಿ. ಬಳಸುವಾಗ ಬಲವೆಲ್ಲ ಕದಲದ ದವಡೆಯ ಮೇಲೆ ಬೀಳುವಂತೆ, ಕದಲುವ ದವಡೆಯ ಕಡೆಗೆ ತಿರುಗಿಸಬೇಕು. ಉಲ್ಟಾ ಎಳೆದರೆ ಬಾಯಿ ಸಡಿಲವಾಗಿ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ.

ಸ್ಕ್ರೂಡ್ರೈವರಿಗೆ ಬನ್ನಿ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಪ್ಲಸ್ ಗುರುತಿನ ಸ್ಕ್ರೂ ಮೊದಲು ಕಾರು ಕಾರ್ಖಾನೆಯಲ್ಲಿ ನೆಲೆಯೂರಿ ಆಮೇಲೆ ಮನೆಮನೆಗೆ ಬಂತು. ಅದರ ತೋಡಿನ ಗೋಡೆಗಳು ಇಳಿಜಾರು. ಬಲ ಮೀರಿದಾಗ ಡ್ರೈವರ್ ತಾನೇ ಮೇಲೆದ್ದು ಜಾರುತ್ತದೆ. ಹಾಗಾಗಿ ತಿರುಗಿಸುವ ಬಲದಷ್ಟೇ ಒತ್ತುವ ಬಲವೂ ಬೇಕು, ಅಳತೆಯೂ ತಾಳೆಯಾಗಬೇಕು. ಸ್ವಿಚ್‌ಬೋರ್ಡಿನ ಸಣ್ಣ ಸ್ಕ್ರೂಗಳಿಗೆ ಪಿಎಚ್1, ಬಾಗಿಲ ಕೀಲಿಗೂ ಕಾರಿನ ಹಲವು ಸ್ಕ್ರೂಗಳಿಗೂ ಪಿಎಚ್2. ಜಪಾನೀ ಮೂಲದ ಬೈಕುಗಳಲ್ಲಿ ಸ್ಕ್ರೂ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಕಂಡರೆ ಎಚ್ಚರ. ಅದು ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಜಪಾನಿನ ಬೇರೆಯೇ ಮಾನಕವಾದ ಜಿಸ್‌ನದ್ದು. ಫಿಲಿಪ್ಸ್ ತುದಿ ಅದರ ತಳ ಮುಟ್ಟುವುದಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂಗಳು ಎಲ್ಲೆಡೆ ಸವೆದುಹೋಗಿರುವುದಕ್ಕೆ ಇದೂ ಒಂದು ಕಾರಣ. ಜಿಸ್ ಮಾನಕದ ತುದಿ ಬೇರೆಯಾಗಿಯೇ ಸಿಗುತ್ತದೆ, ದುಬಾರಿಯೂ ಅಲ್ಲ.

ಗರಗಸದ ಆಯ್ಕೆಯೂ ಬಾಯಿಯ ಲೆಕ್ಕವೇ. ಹ್ಯಾಕ್ಸಾ ಬ್ಲೇಡುಗಳಲ್ಲಿ ಅಂಗುಲಕ್ಕೆ 18, 24, 32 ಹಲ್ಲುಗಳಿರುತ್ತವೆ. ಕತ್ತರಿಸುವ ಲೋಹದ ದಪ್ಪದಲ್ಲಿ ಯಾವಾಗಲೂ ಮೂರು ಹಲ್ಲಾದರೂ ಕಚ್ಚಿರಬೇಕು ಎನ್ನುವುದು ಫಿಟ್ಟರುಗಳ ನಿಯಮ. ತೆಳು ತಗಡಿಗೆ 18 ಹಲ್ಲಿನದು ಹಾಕಿದರೆ ತಗಡು ಎರಡು ಹಲ್ಲುಗಳ ಸಂದಿಗೆ ಸಿಕ್ಕು ಹಲ್ಲೇ ಮುರಿಯುತ್ತದೆ. ಅಲ್ಲಿ 32 ಬೇಕು. ಹಲ್ಲುಗಳ ಮೊನೆ ಮುಂದಕ್ಕೆ ಇರಬೇಕು, ಕೊಯ್ತ ಬೀಳುವುದು ತಳ್ಳುವಾಗ. ಅಳತೆ ಟೇಪಿನ ತುದಿಯ ಕೊಕ್ಕೆ ಕೊಂಚ ಅಲ್ಲಾಡುತ್ತದೆಂದು ಸುತ್ತಿಗೆಯಿಂದ ಕುಟ್ಟಿ ಬಿಗಿಮಾಡುವವರಿದ್ದಾರೆ. ಅದು ಅಲ್ಲಾಡಲೆಂದೇ ಮಾಡಿದ್ದು. ಹೊರಗಿನಿಂದ ಸಿಕ್ಕಿಸಿ ಎಳೆದಾಗಲೂ ಒಳಗಿನಿಂದ ಒತ್ತಿ ಹಿಡಿದಾಗಲೂ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಸೇರದಂತೆ, ಆ ದಪ್ಪದಷ್ಟೇ ಅದು ಹಿಂದೆ ಮುಂದೆ ಸರಿಯುತ್ತದೆ.

ಇನ್ನು ಕರೆಂಟಿನ ಟೂಲ್ಸ್. ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿದ್ದು 1895ರಲ್ಲಿ. ಪಿಸ್ತೂಲಿನಂಥ ಹಿಡಿ, ಬೆರಳಿಗೆ ಸಿಗುವ ಸ್ವಿಚ್ ಇರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಇವತ್ತಿಗೂ ಅದೇ ರೂಪ. ಮನೆಗೆ ಕೊಳ್ಳುವ ಮೊದಲ ಯಂತ್ರ ಬಹುಪಾಲು ಇದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ವ್ಯಾಟ್ ನೋಡುವ ಮೊದಲು ನಿಮ್ಮ ಗೋಡೆ ನೋಡಿ. ಕರಾವಳಿಯ ಮನೆಗಳ ಕೆಂಪುಕಲ್ಲು ಮೆದು. ಅದರಲ್ಲಿ ಡ್ರಿಲ್ಲಿನ ಹ್ಯಾಮರ್ ಮೋಡ್ ಹಾಕಿದರೆ ತೂತು ಅಗಲವಾಗಿ ಪ್ಲಗ್ ನಿಲ್ಲದು. ಸುಮ್ಮನೆ ತಿರುಗುವ ಡ್ರಿಲ್ ಸಾಕು. ಇಟ್ಟಿಗೆ ಗೋಡೆಗೂ ಕಾಂಕ್ರೀಟ್ ಬ್ಲಾಕಿಗೂ 13 ಮಿ.ಮೀ. ಚಕ್ಕಿನ ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್ ಸಲೀಸು. ಕಷ್ಟ ಎದುರಾಗುವುದು ಕಿಟಕಿಯ ಮೇಲೆ ಪರದೆಯ ಕಂಬಿ ಹಾಕುವಾಗ. ಅಲ್ಲಿರುವುದು ಲಿಂಟಲ್, ಕಬ್ಬಿಣದ ಸರಳು ಹುದುಗಿದ ಗಟ್ಟಿ ಕಾಂಕ್ರೀಟು. ಎರಡು ತೂತು ಹಾಕುವಷ್ಟರಲ್ಲಿ ಬಿಟ್ಟಿನ ತುದಿ ಕೆಂಪಗಾಗುತ್ತದೆ, ತೋಳು ಸೋಲುತ್ತದೆ.

ಕಾರಣ ಯಂತ್ರದ ಒಳಗಿದೆ. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಹತ್ತಿ ಇಳಿಯುತ್ತವೆ. ನಿಮಿಷಕ್ಕೆ ನಲವತ್ತು ಸಾವಿರದ ಆಸುಪಾಸು ಪೆಟ್ಟು, ಆದರೆ ಒಂದೊಂದೂ ಚಿಕ್ಕದು. ಒತ್ತುವ ಬಲ ನಿಮ್ಮ ತೋಳಿನದು. ಇಂಥ ಕಾಂಕ್ರೀಟಿಗೆ ಬೇಕಾದ ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿ ಒಂದು ಲೋಹದ ದಿಂಡನ್ನು ಎಸೆದು ಬಿಟ್ಟಿನ ಬೆನ್ನಿಗೆ ಹೊಡೆಸುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟಷ್ಟೇ, ಆದರೆ ಪ್ರತಿಯೊಂದೂ ಕಾಂಕ್ರೀಟನ್ನು ಪುಡಿಮಾಡುವಂಥದ್ದು. ನೀವು ಸುಮ್ಮನೆ ಹಿಡಿದು ನಿಂತರೆ ಸಾಕು. ವರ್ಷಕ್ಕೊಮ್ಮೆ ಬೇಕಾಗುವ ಇಂಥ ಯಂತ್ರವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಜಾಣತನ.

ಗೋಡೆಗೆ ಕಾರ್ಬೈಡ್ ತುದಿಯ ಬಿಟ್, ಕಬ್ಬಿಣಕ್ಕೆ ಹೈಸ್ಪೀಡ್ ಸ್ಟೀಲ್, ಮರಕ್ಕೆ ನಡುವೆ ಮೊನೆಯಿರುವ ಬಿಟ್. ಒಂದರ ಕೆಲಸ ಇನ್ನೊಂದಕ್ಕೆ ಆಗದು. ಟೈಲ್ಸ್ ದಾಟುವವರೆಗೆ ಹ್ಯಾಮರ್ ಆಫ್ ಇರಲಿ. 6 ಮಿ.ಮೀ. ಪ್ಲಗ್ಗಿಗೆ 6 ಮಿ.ಮೀ. ಬಿಟ್ಟೇ. ಗೋಡೆಯ ಪ್ಲಗ್ಗಿಗೆ 1911ರಲ್ಲಿ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಪೇಟೆಂಟ್ ಪಡೆದಾಗ ಅದು ನಾರಿನದಾಗಿತ್ತು. ನಾವು ಬಳಸುವ ನೈಲಾನ್ ಪ್ಲಗ್ 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ರೂಪಿಸಿದ್ದು. ಎರಡರ ತತ್ತ್ವವೂ ಒಂದೇ: ಸ್ಕ್ರೂ ಒಳಹೋದಂತೆ ಪ್ಲಗ್ ಅರಳಿ ಗೋಡೆಯನ್ನು ಅಮುಕುತ್ತದೆ. ತೂತು ದೊಡ್ಡದಾದರೆ ಅಮುಕಲು ಗೋಡೆಯೇ ಇಲ್ಲ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಬೇಡ. ಗೋಡೆಯೊಳಗಿನ ವೈರ್ ಪೈಪು ಸಾಮಾನ್ಯವಾಗಿ ಹಾದುಹೋಗುವುದು ಅಲ್ಲಿಯೇ.

ಬ್ಯಾಟರಿ ಡ್ರಿಲ್ಲುಗಳ ಅಂಗಡಿಯಲ್ಲಿ 18 ವೋಲ್ಟಿಗಿಂತ 20 ವೋಲ್ಟ್ ಜೋರು ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಎರಡರೊಳಗೂ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್. ಸೆಲ್ಲಿಗೆ 3.6 ವೋಲ್ಟ್ ಲೆಕ್ಕ ಹಿಡಿದರೆ 18. ಆಗಷ್ಟೇ ಚಾರ್ಜಾದಾಗಿನ 4 ವೋಲ್ಟ್ ಹಿಡಿದರೆ 20. ನೋಡಬೇಕಾದ್ದು ಬೇರೆ: ಅದೇ ಬ್ಯಾಟರಿ ಅದೇ ಕಂಪನಿಯ ಇನ್ನೆಷ್ಟು ಯಂತ್ರಗಳಿಗೆ ಹೊಂದುತ್ತದೆ, ಬ್ಯಾಟರಿ ಹೋದಾಗ ನಿಮ್ಮೂರಿನಲ್ಲಿ ಸಿಗುತ್ತದೆಯೇ. ಮೊದಲ ಡ್ರಿಲ್ ಕೊಂಡಾಗಲೇ ನೀವು ಆ ಬ್ಯಾಟರಿಯ ಮನೆತನಕ್ಕೆ ಸೇರಿದಿರಿ.

ಆ್ಯಂಗಲ್ ಗ್ರೈಂಡರಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲ. ನಾಲ್ಕಂಗುಲದ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಒಡೆದ ಚೂರೂ ಹಾರುವುದು ಹೆಚ್ಚುಕಡಿಮೆ ಅದೇ ವೇಗದಲ್ಲಿ. ಅಡ್ಡ ಬರುತ್ತದೆಂದು ಗಾರ್ಡ್ ಬಿಚ್ಚಿಟ್ಟವರನ್ನೂ ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿದವರನ್ನೂ ಅನುಕರಿಸಬೇಡಿ. ಕನ್ನಡಕ ಹಾಕಿ. ಲುಂಗಿ, ದುಪಟ್ಟಾ, ಸಡಿಲ ತೋಳು ಬೇಡ.

ಕಾರಿನ ಕೆಲಸಕ್ಕೆ ಮೂರು ವಸ್ತು ಸಾಕು, ಮೂರೂ ಮುಖ್ಯ. ಮೊದಲನೆಯದು ಜಾಕ್ ಸ್ಟ್ಯಾಂಡ್. ಡಿಕ್ಕಿಯಲ್ಲಿರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದನ್ನು ನಂಬಿ ಗಾಡಿಯ ಅಡಿಗೆ ತಲೆ ಹಾಕಬಾರದು. ಎರಡನೆಯದು ಟಾರ್ಕ್ ರೆಂಚ್. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಗಾಡಿಯದ್ದು ಅದರ ಕೈಪಿಡಿಯಲ್ಲಿದೆ. 60 ಕಿಲೋ ತೂಗುವವರು 30 ಸೆಂ.ಮೀ. ಉದ್ದದ ವೀಲ್ ಸ್ಪ್ಯಾನರಿನ ತುದಿಯ ಮೇಲೆ ಹತ್ತಿ ನಿಂತರೆ ಬೀಳುವುದು ಸುಮಾರು 176. ಹತ್ತಿ ನಿಂತು ಬಿಗಿದ ಚಕ್ರ ರಸ್ತೆಯಲ್ಲಿ ಪಂಕ್ಚರ್ ಆದಾಗ ಬಿಚ್ಚಲು ಬಾರದು. ಸ್ಟಡ್ ಹಿಗ್ಗಿ ಮುರಿಯಲೂಬಹುದು. ಟಾರ್ಕ್ ರೆಂಚ್ ನಿಗದಿತ ಬಿಗಿಗೆ ಕಟ್ ಎಂದು ಸದ್ದು ಮಾಡುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಅದನ್ನು ಬಿಚ್ಚುವ ಕೆಲಸಕ್ಕೆ ಬಳಸಬಾರದು. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಅತಿ ಕಡಿಮೆ ಅಳತೆಗೆ ಇಳಿಸಿ ಇಡಬೇಕು.

ಮೂರನೆಯದು ಮಲ್ಟಿಮೀಟರ್. ಬೆಳಿಗ್ಗೆ ಗಾಡಿ ಶುರುಮಾಡುವ ಮೊದಲು ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಿದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಏರದಿದ್ದರೆ ಹೊಸ ಬ್ಯಾಟರಿ ಕೊಂಡು ಉಪಯೋಗವಿಲ್ಲ. ಮನೆಯಲ್ಲಿ ನಿಯಾನ್ ಟೆಸ್ಟರ್ ಬೆಳಗಲಿಲ್ಲವೆಂದು ವೈರ್ ಮುಟ್ಟುವ ಬದಲು ಇದೇ ಮೀಟರಿನಿಂದ ನೋಡಿ. ಅದಕ್ಕೂ ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಪ್ಲಗ್ಗಿನಲ್ಲಿ ಮೀಟರನ್ನೇ ಪರೀಕ್ಷಿಸಿ.

ದುಡ್ಡಿನ ಕ್ರಮ ಹೀಗಿರಲಿ. ಮೊದಲ ಕಂತಿನಲ್ಲಿ ಏಳು ಸ್ಪ್ಯಾನರ್, ಮೂರು ಸ್ಕ್ರೂಡ್ರೈವರ್, ಎಂಟಂಗುಲದ ಕಟಿಂಗ್ ಪ್ಲೇಯರ್, ಅರ್ಧ ಕಿಲೋ ಸುತ್ತಿಗೆ, 5 ಮೀಟರ್ ಟೇಪ್, ಹ್ಯಾಕ್ಸಾ, ಮಲ್ಟಿಮೀಟರ್. ಡ್ರಿಲ್ ಎರಡನೆಯ ಕಂತು. ಸಾಕೆಟ್, ಟಾರ್ಕ್ ರೆಂಚ್, ಸ್ಟ್ಯಾಂಡ್ ಕಾರಿಗೆ ಕೈ ಹಾಕುವ ಮನಸ್ಸು ಗಟ್ಟಿಯಾದ ಮೇಲೆ. 108 ಪೀಸಿನ ಪೆಟ್ಟಿಗೆಯ ಬೆಲೆಗೆ ಒಳ್ಳೆಯ ಹನ್ನೆರಡು ಪೀಸ್ ಬಂದರೆ ಹನ್ನೆರಡೇ ಕೊಳ್ಳಿ. ಕ್ರೋಮ್ ವನೇಡಿಯಂ ಉಕ್ಕಿನ ಸ್ಪ್ಯಾನರ್ ಮಕ್ಕಳ ಕಾಲಕ್ಕೂ ಬಾಳುತ್ತದೆ.

ಏರ್‌ಬ್ಯಾಗ್, ಸಸ್ಪೆನ್ಷನ್ನಿನ ಸ್ಪ್ರಿಂಗ್, ಅಡುಗೆ ಅನಿಲದ ಕೊಳವೆ, ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್, ಇವು ತರಬೇತಾದವರ ಪಾಲಿಗಿರಲಿ. ಅವರ ಬಳಿ ಗಾಡಿ ಬಿಟ್ಟಾಗಲೂ ಟೂಲ್ಸ್ ಬಗ್ಗೆ ತಿಳಿದದ್ದು ವ್ಯರ್ಥವಾಗದು. ಎಂಜಿನ್ ಆಯಿಲ್ ಬಸಿಯುವ ಬೋಲ್ಟಿಗೆ ಹುಡುಗ ಸ್ಕ್ರೂ ಸ್ಪ್ಯಾನರ್ ಎತ್ತಿಕೊಂಡು ಬಂದರೆ, “ರಿಂಗ್ ಇಲ್ವೇನಪ್ಪಾ?” ಎಂದು ಕೇಳಿ. ಒಳ್ಳೆಯ ಗ್ಯಾರೇಜಿನಲ್ಲಿ ಆ ಪ್ರಶ್ನೆಗೆ ಯಾರೂ ಮುನಿಸಿಕೊಳ್ಳುವುದಿಲ್ಲ.