100 ವ್ಯಾಟಿನ ಎಂಜಿನ್ನಿಗೆ ತಕ್ಕ ಸೈಕಲ್

ಸೈಕಲ್ಲಿನ ಎಂಜಿನ್ ಅದರ ಸೀಟಿನ ಮೇಲೆ ಕೂತಿರುತ್ತದೆ. ರೂಢಿಯಿರುವ ಆರೋಗ್ಯವಂತರೊಬ್ಬರು ಒಂದು ತಾಸು ಬಿಡದೆ ತುಳಿದಾಗ ಅವರ ಕಾಲಿನಿಂದ ಹೊಮ್ಮುವ ಸಾಮರ್ಥ್ಯ ಸುಮಾರು 100 ವ್ಯಾಟ್. ಅಡುಗೆಮನೆಯ ಮಿಕ್ಸಿಗೆ ಅದರ ಐದು ಪಟ್ಟು ಬೇಕು. ಇಷ್ಟು ಕಡಿಮೆಯಲ್ಲಿ ಓಡಬೇಕಾದ ಯಂತ್ರವನ್ನು, ಅದೂ 20 ಸಾವಿರ ರೂಪಾಯಿಯೊಳಗೆ ಕೊಳ್ಳಲು ಹೊರಟವರು ಒಂದು ಪ್ರಶ್ನೆ ಹಿಡಿದುಕೊಂಡರೆ ಸಾಕು: ಈ 100 ವ್ಯಾಟ್ ಎಲ್ಲೆಲ್ಲಿ ಸೋರಿಹೋಗುತ್ತದೆ?

ಸಮತಟ್ಟು ರಸ್ತೆಯಲ್ಲಿ ಸೋರಿಕೆಗೆ ಮುಖ್ಯ ದಾರಿ ಎರಡು. ಒಂದು ಎದುರಿನ ಗಾಳಿ. ಇನ್ನೊಂದು, ಉರುಳುವ ಟೈರು ಅಮುಕಿ ಉಬ್ಬುವಾಗ ಕಳೆಯುವ ಶಕ್ತಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಇವೆರಡೂ ಹೆಚ್ಚುಕಮ್ಮಿ ಸಮ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು. ಹೀಗಾಗಿ 30 ಕಿ.ಮೀ. ವೇಗದಲ್ಲಿ ತುಳಿತದ ಸುಮಾರು ಐದರಲ್ಲಿ ನಾಲ್ಕು ಪಾಲು ಗಾಳಿಗೇ ಹೋಗುತ್ತದೆ. ರೋಡ್ ಬೈಕಿನ ಬಾಗಿದ ಹ್ಯಾಂಡಲ್ ಇರುವುದು ಮೈಯನ್ನು ಬಗ್ಗಿಸಿ ಈ ತಡೆಯನ್ನು ತಗ್ಗಿಸಲು. ವಿಜಯಪುರ, ಬಾಗಲಕೋಟೆಯ ಬಯಲು ರಸ್ತೆಗಳಲ್ಲಿ ರೇಸಿಗೆ ಪಳಗುವವರಿಗೆ ಅದು ಬೇಕೇ ಬೇಕು. ಟ್ರಾಫಿಕ್ ನಡುವೆ 15ರ ವೇಗದಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ ಅದರಿಂದ ಹೆಚ್ಚು ಲಾಭವಿಲ್ಲ. ಅವರು ಮೊದಲು ಟೈರು ನೋಡಬೇಕು.

ಟೈರು ಎಷ್ಟು ಮುಖ್ಯವೆಂಬುದಕ್ಕೆ ಮೌಂಟನ್ ಬೈಕೇ ಸಾಕ್ಷಿ. ಅದು ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ. 1981ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಮೌಂಟನ್ ಬೈಕ್ ಸ್ಟಂಪ್‌ಜಂಪರ್‌ಗೂ ಶಾಕ್ ಅಬ್ಸಾರ್ಬರ್ ಇರಲಿಲ್ಲ. ಕಲ್ಲುಗುಂಡಿಯ ಹೊಡೆತವನ್ನು ನುಂಗುತ್ತಿದ್ದದ್ದು ದಪ್ಪ ಟೈರಿನೊಳಗಿನ ಗಾಳಿ. ಮುಂಚಕ್ರವನ್ನು ಹಿಡಿಯುವ ಕವಲೇ ಫೋರ್ಕ್. ಇಂದಿನ ಅಗ್ಗದ ಶಾಕ್ ಫೋರ್ಕುಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಇರುತ್ತದೆ, ಅದರ ಕುಣಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಏರ್ಪಾಡು ಇರುವುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿದರೆ ಫೋರ್ಕ್ ಮೇಲೆ ಕೆಳಗೆ ಆಡುತ್ತ ತುಳಿತವನ್ನೇ ತಿನ್ನುತ್ತದೆ. ತೂಕವೂ ಗಟ್ಟಿ ಫೋರ್ಕಿಗಿಂತ ಒಂದು ಕಿಲೋದಷ್ಟು ಜಾಸ್ತಿ. ಮಲೆನಾಡಿನ ತೋಟದ ದಾರಿಗೂ ಗಟ್ಟಿ ಫೋರ್ಕ್, 2 ಇಂಚು ಅಗಲದ ಟೈರು ಸಾಕು. ಗುಂಡಿಬಿದ್ದ ಡಾಂಬರಿಗೆ 35ರಿಂದ 40 ಮಿ.ಮೀ. ಅಗಲದ, ನಯವಾದ ಟೈರು ಒಳ್ಳೆಯದು. ಉಬ್ಬು ಗುಬಟುಗಳ ಟೈರು ಮಣ್ಣನ್ನು ಕಚ್ಚಿ ಹಿಡಿಯುತ್ತದೆ ನಿಜ. ಡಾಂಬರಿನ ಮೇಲೆ ಮಾತ್ರ ಒಂದೊಂದು ಗುಬಟೂ ಬಾಗಿ ನೇರವಾಗುತ್ತ ನಿಮ್ಮ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ.

ಇನ್ನು ತೂಕ. 400 ಮೀಟರ್ ಎತ್ತರದ ಗುಡ್ಡಕ್ಕೆ 2 ಕಿಲೋ ಹೆಚ್ಚುವರಿ ಭಾರ ಒಯ್ಯಲು ಬೇಕಾಗುವುದು ಸುಮಾರು 7,800 ಜೂಲ್. 100 ವ್ಯಾಟಿನ ಎಂಜಿನ್ನಿಗೆ ಅದು 78 ಸೆಕೆಂಡಿನ ಕೆಲಸ. ಸವಾರ, ಸೈಕಲ್ ಸೇರಿ 85 ಕಿಲೋ ಇದ್ದರೆ ಆ ಏರಿಗೆ ಹೇಗೂ ಒಂದು ತಾಸಿನ ಹತ್ತಿರ ಹಿಡಿಯುತ್ತದೆ. ಒಂದೂಕಾಲು ನಿಮಿಷ ಉಳಿಸಲು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

'21 ಗೇರ್' ಎಂಬ ಚೀಟಿಯನ್ನೂ ಬಿಡಿಸಿ ನೋಡಬೇಕು. ಮುಂದೆ 48 ಹಲ್ಲು, ಹಿಂದೆ 24 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಎರಡು ಸುತ್ತು. ಮುಂದೆ 28, ಹಿಂದೆ 14 ಇದ್ದರೂ ಎರಡೇ ಸುತ್ತು. ಹೀಗೆ ಹಲವು ಗೇರುಗಳು ಒಂದರ ಮೇಲೊಂದು ಬೀಳುತ್ತವೆ. ಗೇರಿನ ಸಂಖ್ಯೆಗಿಂತ ಹಿಂಚಕ್ರದ ನಡುವಿನ ಹಬ್ ಯಾವುದೆಂದು ಕೇಳಿ. ಹಲ್ಲುಚಕ್ರಗಳ ಗೊಂಚಲು ತಿರುಪಿನಂತೆ ಕೂರುವ ಫ್ರೀವೀಲ್ ಇದ್ದಲ್ಲಿ ಬಲಬದಿಯ ಬೇರಿಂಗ್ ಆಕ್ಸಲ್ ತುದಿಯಿಂದ ದೂರ, ಒಳಗೆ ಸರಿದಿರುತ್ತದೆ; ಭಾರಕ್ಕೆ ಆಕ್ಸಲ್ ಬಾಗುವ ಸಂಭವ ಹೆಚ್ಚು. ಹಲ್ಲುಚಕ್ರಗಳ ಕ್ಯಾಸೆಟ್ ಕೂರುವ ಫ್ರೀಹಬ್‌ನಲ್ಲಿ ಬೇರಿಂಗ್ ತುದಿಗೆ ಹತ್ತಿರವಿರುವುದರಿಂದ ಆಕ್ಸಲ್ ಗಟ್ಟಿಯಾಗಿ ನಿಲ್ಲುತ್ತದೆ. ಈ ವ್ಯತ್ಯಾಸಕ್ಕೆ ಹಣ ಕೊಡುವುದು ಸಾರ್ಥಕ.

ಅದೇ ದುಡ್ಡಿಗೆ ಇನ್ನೂ ಒಳ್ಳೆಯದು ಬೇಕೆಂದರೆ ಸೆಕೆಂಡ್ ಹ್ಯಾಂಡ್ ನೋಡಬಹುದು. ಹೋಗುವಾಗ ಒಂದು ಸ್ಕೇಲು ಇರಲಿ. ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಪಿನ್ನುಗಳು ಸವೆದಂತೆ ಈ ಅಳತೆ ಬೆಳೆಯುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿಯಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಜಾಸ್ತಿಯಾಗಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಚಕ್ರ ತಿರುಗಿಸಿ ರಿಮ್ಮಿನ ಬೆಂಡ್, ಕಡ್ಡಿಗಳ ಬಿಗಿ ಪರೀಕ್ಷಿಸಿ.

ಕೊನೆಗೆ ಹಣ ಹಂಚುವ ಕ್ರಮ. ಮೊದಲು ಅಳತೆ: ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ತುಸು ಮಾತ್ರ ಬಾಗಿರಬೇಕು, ಹ್ಯಾಂಡಲ್ ಹಿಡಿಯಲು ಬೆನ್ನು ಎಳೆಯಬಾರದು. ಆಮೇಲೆ ಚಕ್ರ, ಬ್ರೇಕು, ಟೈರು. ಹೆಲ್ಮೆಟ್, ದೀಪ, ಪಂಪಿನ ಹಣವನ್ನು ಮೊದಲೇ ತೆಗೆದಿಡಿ. ಟೈರು, ಚೈನು, ಸೀಟುಗಳನ್ನು ಕೈಯಲ್ಲಿ ಕಾಸಾದಂತೆ ಬದಲಿಸಬಹುದು. ಫ್ರೇಮಿನ ಅಳತೆ ಮಾತ್ರ ಮೊದಲ ದಿನವೇ ಸರಿಯಿರಬೇಕು.